ಹಾನಿ–ವೃದ್ಧಿಯ ಮಾತು: ಎರಡು ಶಾಸನಗಳಲ್ಲಿ ಮತಾಚಾರ್ಯರ ಸಂಧಾನಭಾಷೆ

ಸರ್ವಧರ್ಮ ಸಮ್ಮೇಳನಗಳ ವೇದಿಕೆಯಲ್ಲಿ ಕೇಳಿಬರುವ ಆಶೀರ್ವಚನಗಳಿಗೆ ಒಂದು ನಿಶ್ಚಿತ ಧಾಟಿ ಇದೆ. ನದಿಗಳು ಹಲವಾದರೂ ಕಡಲು ಒಂದೇ; ದಾರಿಗಳು ಬೇರೆಯಾದರೂ ಗುರಿ ಒಂದೇ; ಎಲ್ಲ ಮತಗಳ ತಿರುಳೂ ಪ್ರೇಮವೇ. ಈ ಮಾತುಗಳನ್ನು ಸುಳ್ಳೆನ್ನುವಂತಿಲ್ಲ. ಆಡುವವರ ಸದುದ್ದೇಶವನ್ನು ಶಂಕಿಸಬೇಕಾಗಿಯೂ ಇಲ್ಲ. ಆದರೆ ಮರುದಿನ ಮೆರವಣಿಗೆ ಯಾವ ಬೀದಿಯಲ್ಲಿ ಸಾಗಬೇಕು, ವಾದ್ಯ ಎಲ್ಲಿ ಮೊಳಗಬಹುದು, ಕೆಡವಿದ ಗೋಡೆಯನ್ನು ಯಾರು ಕಟ್ಟಿಕೊಡಬೇಕು ಎಂಬ ಪ್ರಶ್ನೆ ಎದ್ದಾಗ ಈ ಮಾತುಗಳಿಂದ ಯಾರಿಗೂ ಹಿಡಿಯಲು ಒಂದು ಎಳೆ ಸಿಕ್ಕುವುದಿಲ್ಲ. ಕಾರಣ ಸ್ಪಷ್ಟವಾಗಿದೆ. ಅವುಗಳಲ್ಲಿ ಕರ್ತೃವಿಲ್ಲ. ಯಾರು ಯಾರಿಗೆ ಏನು ಮಾಡಿದರು, ಇನ್ನು ಮುಂದೆ ಯಾರು ಯಾವುದಕ್ಕೆ ಹೊಣೆ ಎಂಬುದನ್ನು ಅವು ಹೇಳುವುದಿಲ್ಲ.

ಕನ್ನಡದಲ್ಲಿ ಇದಕ್ಕಿಂತ ಭಿನ್ನವಾದ, ಇದಕ್ಕಿಂತ ಹಳೆಯದಾದ ಒಂದು ಸಂಧಾನಭಾಷೆ ಇದೆ. ಅದು ತತ್ತ್ವದ ಏಕತೆಯಿಂದಲ್ಲ, ನಡೆದ ಅನ್ಯಾಯದಿಂದ ಮಾತು ಆರಂಭಿಸುತ್ತದೆ. ಸಾರ ಒಂದೇ ಎನ್ನುವುದಕ್ಕಿಂತ ಹೆಚ್ಚಾಗಿ ನಷ್ಟ ಒಂದೇ ಎನ್ನುತ್ತದೆ. ಅದರ ಎರಡು ಮುಖ್ಯ ಪಠ್ಯಗಳು ಶ್ರವಣಬೆಳಗೊಳದ 1368ರ ಶಾಸನ ಮತ್ತು ಹಳೇಬೀಡಿನ 1638ರ ಶಾಸನ. ನಡುವೆ 270 ವರ್ಷಗಳ ಅಂತರ. ಮೊದಲನೆಯದು ಶ್ರೀವೈಷ್ಣವರಿಗೂ ಜೈನರಿಗೂ, ಎರಡನೆಯದು ವೀರಶೈವರಿಗೂ ಜೈನರಿಗೂ ಆದ ಒಡಂಬಡಿಕೆ. ಇತಿಹಾಸ ಗ್ರಂಥಗಳು ಇವನ್ನು ಧರ್ಮಸಹಿಷ್ಣುತೆಯ ನಿದರ್ಶನಗಳೆಂದು ಮತ್ತೆ ಮತ್ತೆ ಉಲ್ಲೇಖಿಸುತ್ತ ಬಂದಿವೆ. ಆದರೆ ಆ ಉಲ್ಲೇಖಗಳಲ್ಲಿ ಅರಸನ ಔದಾರ್ಯಕ್ಕೆ ಸಿಕ್ಕ ಗಮನ ಪಠ್ಯದ ಮಾತಿಗೆ ಸಿಕ್ಕಿಲ್ಲ. ಮತಾಚಾರ್ಯರ ಭಾಷೆ ಯಾವಾಗ ಶಾಂತಿಯನ್ನು ಕಟ್ಟಬಲ್ಲದು, ಯಾವಾಗ ಕೇವಲ ಶಾಂತಿಯನ್ನು ಹೊಗಳುತ್ತದೆ ಎಂಬುದನ್ನು ಈ ಪಠ್ಯಗಳ ಪದಗಳಲ್ಲೇ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಗಡಿಯಾಚೆಯಿಂದ ಬಂದ ದೂರು

ಬೆಳಗೊಳದ ಶಾಸನ ಶಕ 1290, ಕೀಲಕ ಸಂವತ್ಸರದ್ದು, ಬುಕ್ಕರಾಯನ ಕಾಲದ್ದು. ಲೂಯಿ ರೈಸರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗಿನಿಂದ ಇದು ವಿದ್ವಾಂಸರಿಗೆ ಪರಿಚಿತ, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿ ಅದನ್ನು ಇನ್ನಷ್ಟು ಬಳಕೆಗೆ ತಂದಿತು. ಸಂದರ್ಭ ಇಷ್ಟು: ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಭವ್ಯಜನರು ಭಕ್ತರು ಮಾಡುವ ಅನ್ಯಾಯಗಳನ್ನು ಅರಸನಿಗೆ ಬಿನ್ನವಿಸಿದರು. ಅರಸನು ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡುಗಳ ಶ್ರೀವೈಷ್ಣವರ ಕೈಯಲ್ಲಿ ಇಟ್ಟನು.

ಈ ಪತ್ರಿಕೆಯ ಓದುಗರಿಗೆ ಪೆನುಗೊಂಡೆಯ ಹೆಸರು ವಿಶೇಷವಾಗಿ ಕಾಣಬೇಕು. ಅದು ಇಂದು ಆಂಧ್ರಪ್ರದೇಶದಲ್ಲಿದೆ; ಮಡಕಶಿರಾ ಸೀಮೆಗೆ ಹತ್ತಿರದ ಊರು. ಅಲ್ಲಿ ಪಾರ್ಶ್ವನಾಥ ಬಸದಿಯೂ ಬಾಬಯ್ಯನ ದರ್ಗಾವೂ ಒಂದೇ ಬೆಟ್ಟದ ಅಡಿಯ ಊರಿನಲ್ಲಿ ಇಂದಿಗೂ ಇವೆ. ದೂರು ಬಂದ ಊರುಗಳಲ್ಲಿ ಒಂದು ಈಗಿನ ಗಡಿಯಾಚೆಯದಾದರೆ, ಹೊಣೆ ಹೊತ್ತವರ ನೆಲೆಗಳಲ್ಲಿ ಹೆಚ್ಚಿನವು ಗಡಿಯಾಚೆಯವೇ. ಶಾಸನವು ಕೋವಿಲ್, ತಿರುಮಲೆ, ಪೆರುಮಾಳ್ ಕೋವಿಲ್, ತಿರುನಾರಾಯಣಪುರಗಳನ್ನು ಮುಂದಾಗಿ ಹೆಸರಿಸುತ್ತದೆ: ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ. ಈ ನಾಲ್ಕರಲ್ಲಿ ಕನ್ನಡ ನಾಡಿನೊಳಗಿನದು ಕೊನೆಯದು ಮಾತ್ರ. ಹೀಗಾಗಿ ತಮಿಳು ಪರಂಪರೆಯ ಆಚಾರ್ಯರನ್ನು ಕನ್ನಡ ಗದ್ಯವೊಂದು ಕಟ್ಟಿಹಾಕುತ್ತಿದೆ. ಆ ಗದ್ಯವೂ ಅವರ ಸ್ಥಳನಾಮಗಳನ್ನು, ತಿರುಪಣಿ, ತಣ್ಣೀರವರು ಎಂಬಂಥ ಅವರ ದೇವಾಲಯದ ಪರಿಭಾಷೆಯನ್ನು ಅನುವಾದಿಸದೆ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಎದುರಿನವರು ತಮ್ಮನ್ನು ತಾವು ಗುರುತಿಸಿಕೊಳ್ಳುವ ಪದಗಳಲ್ಲೇ ಅವರನ್ನು ಕರೆಯದಿದ್ದರೆ ಅವರನ್ನು ಮಾತಿಗೆ ಬದ್ಧಗೊಳಿಸಲಾಗದು ಎಂಬ ಅರಿವು ಇಲ್ಲಿದೆ. ಅದು ದ್ವಿಭಾಷಿಕ ನೆಲದಲ್ಲಿ ಹುಟ್ಟುವ ಅರಿವು.

ಶ್ಲೋಕ ಒಂದು, ಗದ್ಯ ಇನ್ನೊಂದು

ಈ ಪಠ್ಯದ ಅತ್ಯಂತ ಇಕ್ಕಟ್ಟಿನ ಭಾಗ ಅದರ ಆರಂಭ. ಶಾಸನ ತೊಡಗುವುದು ರಾಮಾನುಜರ ಸ್ತುತಿಯ ಸಂಸ್ಕೃತ ಶ್ಲೋಕದಿಂದ. ಅದರಲ್ಲಿ ಅವರು ಪಾಷಂಡರೆಂಬ ಸಾಗರವನ್ನು ಹೀರುವ ಬಡಬಾಗ್ನಿ. ಶ್ರೀವೈಷ್ಣವರ ದೃಷ್ಟಿಯಲ್ಲಿ ಜೈನರು ಆ ಸಾಗರದ ಹೊರಗಿನವರೇನಲ್ಲ. ಜೈನರನ್ನು ರಕ್ಷಿಸುವ ಒಡಂಬಡಿಕೆಯೊಂದು, ಅದೂ ಜೈನರ ಪರಮ ತೀರ್ಥದಲ್ಲಿ ನಿಲ್ಲುವ ಕಲ್ಲು, ಇಂಥ ಶ್ಲೋಕದಿಂದ ಆರಂಭವಾಗುವುದು ವಿಪರ್ಯಾಸವೇ ಸರಿ.

‘ಪಾಷಂಡ’ ಎಂಬ ಪದದ ಚರಿತ್ರೆಯೂ ಇಲ್ಲಿ ನೆನಪಾಗಬೇಕು. ಅಶೋಕನ ಪ್ರಾಕೃತದಲ್ಲಿ ಅದು ಬೈಗುಳವಲ್ಲ. ಯಾವುದೇ ಧಾರ್ಮಿಕ ಪಂಥಕ್ಕೆ ಸಲ್ಲುವ ತಟಸ್ಥ ಪದ. ಅವನ ಹನ್ನೆರಡನೆಯ ಬಂಡೆಶಾಸನ ಎಲ್ಲ ಪಾಷಂಡಗಳ ಸಾರವೃದ್ಧಿಯನ್ನು ಬಯಸುತ್ತದೆ. ಆ ವೃದ್ಧಿಯ ಮೂಲ ನಾಲಗೆಯ ಸಂಯಮ ಎನ್ನುತ್ತದೆ. ಈ ಶಾಸನದ ಪ್ರತಿಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ, ಆದೋನಿ ಸೀಮೆಗೆ ದೂರವಲ್ಲದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ದೊರೆತಿವೆ. ಪಂಥ ಎಂಬರ್ಥದ ಪದವು ಕಾಲಕ್ರಮದಲ್ಲಿ ‘ನಮ್ಮದಲ್ಲದ ಪಂಥ’ ಎಂದೂ, ಆಮೇಲೆ ‘ಸುಳ್ಳು ಪಂಥ’ ಎಂದೂ ಕುಗ್ಗಿದ್ದು ಪದವೊಂದರ ಅರ್ಥಪಲ್ಲಟ ಮಾತ್ರವಲ್ಲ. ಸಂಬಂಧವೊಂದರ ಪಲ್ಲಟವೂ ಹೌದು. ನಿಂದೆಯ ಪದಗಳು ಹೆಚ್ಚಾಗಿ ಹೀಗೆಯೇ, ಬಳಕೆಯಲ್ಲಿದ್ದ ಸಾಮಾನ್ಯ ಪದಗಳಿಂದಲೇ ತಯಾರಾಗುತ್ತವೆ.

ಗಮನಿಸಬೇಕಾದದ್ದು ಶ್ಲೋಕದ ನಂತರ ಏನಾಗುತ್ತದೆ ಎಂಬುದನ್ನು. ಕನ್ನಡ ಗದ್ಯ ಆರಂಭವಾದ ಮೇಲೆ ಪಾಷಂಡ ಎಂಬ ಪದ ಜೈನರಿಗೆ ಅನ್ವಯವಾಗುವುದೇ ಇಲ್ಲ. ಅಲ್ಲಿ ಅವರು ‘ಜೈನರು’. ಅದಕ್ಕಿಂತ ಮುಖ್ಯವಾಗಿ ‘ಭವ್ಯರು’. ಭವ್ಯ ಎಂದರೆ ಮೋಕ್ಷಕ್ಕೆ ಅರ್ಹನಾದ ಜೀವ. ಇದು ಜೈನ ಪರಿಭಾಷೆ, ಜೈನರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಹಾಗೆಯೇ ಶ್ರೀವೈಷ್ಣವರು ತಮ್ಮ ಹೆಸರಿನಲ್ಲಿ ‘ಭಕ್ತರು’. ಒಂದೇ ಕಲ್ಲಿನ ಮೇಲೆ ಎರಡು ಸಮುದಾಯಗಳು ತಂತಮ್ಮ ಗೌರವನಾಮಗಳಿಂದ ಎದುರುಬದುರಾಗಿ ನಿಲ್ಲುತ್ತವೆ. ಶ್ಲೋಕವು ಪಂಥದ ಸ್ವಸ್ತುತಿ, ಮನೆಯೊಳಗಿನ ಮಾತು; ಗದ್ಯವು ಬೀದಿಯ ಮಾತು, ಇಬ್ಬರೂ ಕೇಳುವ ಮಾತು. ಶಾಸನ ಮೊದಲನೆಯದನ್ನು ಅಳಿಸುವುದಿಲ್ಲ. ಅದರ ಭಾಷೆ ಎರಡನೆಯದರೊಳಗೆ ನುಗ್ಗದಂತೆ ತಡೆಯುತ್ತದೆ.

ಇದನ್ನು ಶಾಸನದ ಗೆಲುವೆಂದೂ ಓದಬಹುದು, ಮಿತಿಯೆಂದೂ ಓದಬಹುದು. ತನ್ನ ಪಂಥದ ಶ್ರೇಷ್ಠತೆಯ ನಂಬಿಕೆಯನ್ನು ಬಿಟ್ಟುಕೊಡದೆಯೂ ಇನ್ನೊಬ್ಬರ ಹಕ್ಕನ್ನು ಕಾಯಬಹುದು ಎನ್ನುವುದು ಗೆಲುವು. ಶಾಂತಿಗೆ ಮತಾಂತರದಂಥ ಮನಃಪರಿವರ್ತನೆ ಬೇಕೆಂದು ಹಟ ಹಿಡಿದರೆ ಶಾಂತಿಗಾಗಿ ಬಹುಕಾಲ ಕಾಯಬೇಕಾದೀತು. ಆದರೆ ಮನೆಯೊಳಗಿನ ಮಾತು ಎಂದೆಂದಿಗೂ ಮನೆಯೊಳಗೇ ಉಳಿಯುವುದಿಲ್ಲ ಎಂಬುದೂ ನಿಜ. ಮಠದೊಳಗಿನ ಪ್ರವಚನವಾಗಲಿ, ಮಸೀದಿಯ ಉಪದೇಶವಾಗಲಿ, ಇಗರ್ಜಿಯ ಪ್ರಸಂಗವಾಗಲಿ ಇಂದು ಕ್ಷಣಾರ್ಧದಲ್ಲಿ ಬೀದಿಗೆ ಬರುತ್ತದೆ. ಶ್ಲೋಕಕ್ಕೂ ಗದ್ಯಕ್ಕೂ ನಡುವೆ ಶಾಸನ ಎಳೆದ ಗೆರೆ ನಮ್ಮ ಕಾಲದಲ್ಲಿ ಅಷ್ಟು ಸುಲಭವಾಗಿ ನಿಲ್ಲದು.

‘ಭೇದವಿಲ್ಲ’ ಎಂದರೇನು?

ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂದು ಶಾಸನ ಸಾರುತ್ತದೆ. ಮೇಲುನೋಟಕ್ಕೆ ಇದು ಸಮ್ಮೇಳನದ ಆಶೀರ್ವಚನದಂತೆಯೇ ಕೇಳಿಸುತ್ತದೆ. ಆದರೆ ಮಾತು ಬಂದಿರುವ ಸನ್ನಿವೇಶವನ್ನು ನೋಡಬೇಕು. ವಿಶಿಷ್ಟಾದ್ವೈತಿಗಳ ಪಾಲಿಗೆ ಭೇದ, ಅಭೇದ ಎಂಬುವು ಸಡಿಲವಾಗಿ ಬಳಸುವ ಪದಗಳಲ್ಲ. ಅವುಗಳ ಮೇಲೆಯೇ ಅವರ ವೇದಾಂತ ನಿಂತಿದೆ. ಜಗತ್ಕರ್ತನಾದ ಈಶ್ವರನನ್ನು ಒಪ್ಪದ ದರ್ಶನಕ್ಕೂ ತಮ್ಮದಕ್ಕೂ ತತ್ತ್ವತಃ ಅಂತರವಿಲ್ಲವೆಂದು ಆ ಆಚಾರ್ಯರು ಅನುಮೋದಿಸಿದರೆಂದು ಭಾವಿಸುವುದು ಕಷ್ಟ. ಹಾಗಾದರೆ ಅಭೇದ ಯಾವುದರಲ್ಲಿ?

ಉತ್ತರ ಅದರ ಬೆನ್ನಲ್ಲೇ ಇದೆ. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲುತ್ತವೆ ಎನ್ನುತ್ತದೆ ಶಾಸನ. ಎಂದರೆ ಜಗಳವಿದ್ದದ್ದು ಆತ್ಮದ ಸ್ವರೂಪದ ಬಗೆಗಲ್ಲ. ಯಾರ ಮೆರವಣಿಗೆಯ ಮುಂದೆ ಯಾವ ವಾದ್ಯ ಮೊಳಗಬಹುದು, ಯಾವ ಗೌರವಚಿಹ್ನೆ ಯಾರಿಗೆ ಸಲ್ಲುತ್ತದೆ ಎಂಬುದರ ಬಗೆಗೆ. ಇಲ್ಲಿಯ ಅಭೇದ ತತ್ತ್ವದ್ದಲ್ಲ, ಮರ್ಯಾದೆಯದ್ದು. ‘ಮರ್ಯಾದೆ’ ಎಂಬ ಪದದ ಎರಡು ಅರ್ಥಗಳೂ, ಗೌರವ ಮತ್ತು ಎಲ್ಲೆ, ಇಲ್ಲಿ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಇನ್ನೊಬ್ಬರ ಗೌರವವೇ ನಮ್ಮ ಎಲ್ಲೆ.

ಇದರ ಮುಂದಿನದು ಇಡೀ ಪಠ್ಯದ ಹೃದಯ. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಆದರೆ ಅದನ್ನು ವೈಷ್ಣವರು ತಮ್ಮ ಹಾನಿ–ವೃದ್ಧಿಯೆಂದೇ ಭಾವಿಸಿ ಪಾಲಿಸಬೇಕು ಎಂಬುದು ಅದರ ತಾತ್ಪರ್ಯ. ‘ಭಕ್ತರ ದೆಸೆಯಿಂದ’ ಎಂಬ ಎರಡು ಪದಗಳ ಬೆಲೆ ದೊಡ್ಡದು. ಎಲ್ಲಿಂದಲೋ ಬಂದೊದಗುವ ಹಾನಿಯ ಮಾತು ಇದಲ್ಲ. ನಮ್ಮವರಿಂದ ಆಗುವ ಹಾನಿಯ ಮಾತು. ಸೌಹಾರ್ದದ ಭಾಷಣಗಳಲ್ಲಿ ಹಾನಿ ಮಾಡುವವರು ಸಾಮಾನ್ಯವಾಗಿ ‘ಕಿಡಿಗೇಡಿಗಳು’, ‘ಸಮಾಜಘಾತುಕ ಶಕ್ತಿಗಳು’. ಈ ಪದಗಳಿಗೆ ಮತವಿಲ್ಲ, ಊರಿಲ್ಲ. ಆದ್ದರಿಂದ ಅವುಗಳ ಹೊಣೆ ಯಾರ ತಲೆಗೂ ಬರುವುದಿಲ್ಲ. ಶಾಸನ ಅಂಥ ಅನಾಮಿಕರ ಮರೆಯಲ್ಲಿ ಅಡಗುವುದಿಲ್ಲ. ಆರಂಭದಲ್ಲಿ ಅನ್ಯಾಯ ಎಂಬ ಪದವನ್ನೂ ಅದನ್ನು ಮಾಡಿದವರ ಹೆಸರನ್ನೂ ಕಲ್ಲಿನ ಮೇಲೆ ಬರೆಸಿದ್ದರಿಂದಲೇ ಹೊಣೆಯ ಈ ಮಾತಿಗೆ ತೂಕ ಬಂದಿದೆ.

ಲೆಕ್ಕದ ಭಾಷೆ, ಶಾಪದ ಭಾಷೆ

ಒಡಂಬಡಿಕೆ ಇಲ್ಲಿಗೆ ಮುಗಿದಿದ್ದರೆ ಸುಭಾಷಿತವಾಗಿ ಉಳಿಯುತ್ತಿತ್ತು. ಅದು ಲೆಕ್ಕಕ್ಕೆ ಇಳಿಯುತ್ತದೆ. ರಾಜ್ಯದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ವೈಷ್ಣವ ಆಚಾರ್ಯನೊಬ್ಬ ಬಸದಿಯ ಸುಣ್ಣದ ಖರ್ಚಿಗೆ ಉತ್ತರ ಹೇಳಬೇಕಾದವನಾಗುವುದು ಸಾಮಾನ್ಯ ಸಂಗತಿಯಲ್ಲ. ಅರಸನ ಆಜ್ಞೆ ಆಚಾರ್ಯನ ದಿನಚರಿಯಾಗುವುದು ಈ ವಾಕ್ಯದಲ್ಲಿ. ಇಡೀ ಶಾಸನದ ದನಿ ಅರಸನದೇ ಅಲ್ಲವೇ ಎಂಬ ಆಕ್ಷೇಪಕ್ಕೂ ಇಲ್ಲಿ ಉತ್ತರವಿದೆ: ದನಿ ಅರಸನದಾದರೂ ಭವಿಷ್ಯತ್ತಿನ ಕ್ರಿಯೆಗಳೆಲ್ಲಕ್ಕೂ ಕರ್ತೃ ಶ್ರೀವೈಷ್ಣವರೇ. ಬಸದಿಗಳಲ್ಲಿ ಶಾಸನ ನಡಬೇಕಾದವರು ಅವರು, ಚಂದ್ರಾರ್ಕರಿರುವವರೆಗೆ ಕಾಯಬೇಕಾದವರೂ ಅವರು.

ಆದರೂ ವಿಮರ್ಶಕ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಹಣ ಯಾರದು? ಅನ್ಯಾಯಕ್ಕೊಳಗಾದವರದೇ. ತಮ್ಮ ರಕ್ಷಣೆಯ ವೆಚ್ಚವನ್ನು ಜೈನರೇ ತೆರುತ್ತಾರೆ. ಕಾವಲುಗಾರರನ್ನು ನೇಮಿಸುವ ಅಧಿಕಾರ ಮಾತ್ರ ಅನ್ಯಾಯದ ಆರೋಪ ಹೊತ್ತ ಪಕ್ಷದ ಕೈಯಲ್ಲಿ. ಜೈನರ ಸಮ್ಮತಿಯಿಂದಲೇ ಹೀಗೆಂದು ಶಾಸನ ಹೇಳುತ್ತದೆ. ಬಲಾಬಲ ಸಮನಲ್ಲದ ಎಡೆಯಲ್ಲಿ ಸಮ್ಮತಿ ಎಂಬ ಪದದ ಅಳತೆ ಕಷ್ಟ. ಈ ಅಸಮತೆಯನ್ನು ಮುಚ್ಚಿಟ್ಟು ಶಾಸನವನ್ನು ಹಾಡಿಹೊಗಳುವುದು ಅದಕ್ಕೆ ಮಾಡುವ ಗೌರವವಲ್ಲ.

ಹೊಣೆ ಹೊತ್ತವರ ಪಟ್ಟಿಯೂ ವಿಶಿಷ್ಟವಾದದ್ದು. ಅದು ಸಕಲಾಚಾರ್ಯರಿಂದ ತೊಡಗಿ ದೇವಾಲಯದ ಪರಿಚಾರಕರು, ನೀರು ತರುವವರು, ತಿರುಕುಲ, ಜಾಂಬವಕುಲದವರ ತನಕ ಇಳಿಯುತ್ತದೆ. ಪೀಠದ ಮಾತು ಪೀಠದಲ್ಲೇ ನಿಂತರೆ ಬೀದಿಯಲ್ಲಿ ಕಲ್ಲೆಸೆಯುವ ಕೈಯನ್ನು ತಡೆಯದು. ಸಮುದಾಯದ ಕೆಳತುದಿಯವರನ್ನೂ ಪಕ್ಷಕಾರರನ್ನಾಗಿ ಹೆಸರಿಸಿದ್ದು ಸಂಧಾನದ ವ್ಯಾಪ್ತಿಯನ್ನು ತಿಳಿದವರ ಕೆಲಸ. ಕಟ್ಟಕಡೆಯ ಶಾಪವೂ ಅಷ್ಟೇ ಆಲೋಚಿತ: ಕಟ್ಟಳೆ ಮೀರಿದವನು ರಾಜದ್ರೋಹಿಯಷ್ಟೇ ಅಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ; ಅವನಿಗೆ ಬರುವುದು ಗಂಗಾತೀರದಲ್ಲಿ ಗೋಹತ್ಯೆ, ಬ್ರಹ್ಮಹತ್ಯೆ ಮಾಡಿದ ಪಾಪ. ಜಿನಾಲಯಕ್ಕೆ ಕೈಯೆತ್ತುವ ವೈಷ್ಣವನು ಅಂಜಬೇಕಾದದ್ದು ತನ್ನದೇ ಧರ್ಮದ ಅತಿ ದೊಡ್ಡ ಪಾಪಕ್ಕೆ.

ಶಾಸನದ ಕೊನೆಗೆ ಇನ್ನೊಂದು ಸಂಗತಿ ಸೇರಿದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಅರಸನಿಗೆ ಬಿನ್ನವಿಸಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದ. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಜೈನಸಂಘದ ನಾಯಕತ್ವದ ಪಟ್ಟವನ್ನು ಕಟ್ಟುವಲ್ಲಿ ವೈಷ್ಣವರ ಕೈಯೂ ಇದೆ. ಚಂದ್ರಾರ್ಕ ಪರ್ಯಂತ ಎಂದು ಬರೆದ ಮಾತಿಗೂ ಮತ್ತೆ ಹೋಗಿ ಆಚಾರ್ಯನನ್ನು ಕರೆತರುವ ಒಬ್ಬ ಸೆಟ್ಟಿ ಬೇಕಾಯಿತು. ಶಾಂತಿಯ ಮಾತು ಒಮ್ಮೆ ಆಡಿ ಮುಗಿಸುವಂಥದ್ದಲ್ಲ.

ಹಳೇಬೀಡು: ತಮ್ಮವನ ತಪ್ಪಿಗೆ ತಾವೇ ನ್ಯಾಯಾಧೀಶರು

ಬೆಳಗೊಳದಲ್ಲಿ ಅರಸನ ಕೈ ಮುಂದಿತ್ತು. ಹಳೇಬೀಡಿನಲ್ಲಿ ಧರ್ಮಗುರುಗಳದೇ ಮಾತು ಮುಂದಿದೆ. 1638ರ ಶಾಸನದ ಹಿನ್ನೆಲೆ ಹೀಗಿದೆ: ಹುಚ್ಚಪ್ಪದೇವ ಎಂಬ ವೀರಶೈವನು ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದ, ಜೈನರ ಕಡೆಯಿಂದ ಅದು ಅಳಿಸಲ್ಪಟ್ಟಿತು, ವಿವಾದ ಎದ್ದಿತು. ದೂರು ಬಂದದ್ದು ವೀರಶೈವ ಮಹಾಮಹತ್ತಿನವರೆಗೆ. ಅವರು ಕೊಟ್ಟ ತೀರ್ಮಾನ: ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂರ್ವಪದ್ಧತಿಯಂತೆ ವಿಜಯ ಪಾರ್ಶ್ವನಾಥನ ಪೂಜೆ ಪುನಸ್ಕಾರಗಳನ್ನು ಚಂದ್ರಾರ್ಕರಿರುವ ತನಕ ನಡೆಸಿಕೊಳ್ಳಬಹುದು.

ಈ ನಿಬಂಧನೆಯ ಮೊದಲರ್ಧ ನೋಯಿಸುವಂಥದ್ದು. ಅನ್ಯಾಯಕ್ಕೊಳಗಾದವರು ತಮ್ಮದೇ ಬಸದಿಯಲ್ಲಿ ಮೊದಲು ಇನ್ನೊಂದು ಮತದ ಗೌರವ ಸಲ್ಲಿಸಬೇಕಾದದ್ದು ಅಧೀನತೆಯ ಗುರುತೇ ಹೊರತು ಸಮಾನತೆಯದಲ್ಲ. 1368ರ ಕಲ್ಲು ಪೂರ್ವಮರ್ಯಾದೆಯನ್ನು ಷರತ್ತಿಲ್ಲದೆ ಎತ್ತಿಹಿಡಿದಿತ್ತು. ಇಲ್ಲಿ ಅದು ಷರತ್ತಿನೊಡನೆ ಬಂದಿದೆ.

ಆದರೆ ಶಾಸನದ ಶಾಪಭಾಗದಲ್ಲಿ ಭಾಷೆ ಬೇರೊಂದು ಎತ್ತರಕ್ಕೆ ಏರುತ್ತದೆ. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವನಿಗೆ ದ್ರೋಹಿ, ಜಂಗಮಕ್ಕೆ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ಅನರ್ಹ ಎಂಬುದು ಅದರ ಭಾವ. ಬಸದಿಗೆ ಅಡ್ಡಿ ಮಾಡಿದರೆ ಜಿನನಿಗೆ ಅಪಚಾರವಾಗುತ್ತದೆ ಎಂದು ಅವರು ಹೇಳಲಿಲ್ಲ. ಅದು ವೀರಶೈವನನ್ನು ತಡೆಯುತ್ತಿರಲಿಲ್ಲ. ನೀನು ವೀರಶೈವನಾಗಿಯೇ ಉಳಿಯುವುದಿಲ್ಲ ಎಂದರು. ಕಂಬದ ಮೇಲೆ ಲಿಂಗಮುದ್ರೆ ಹಾಕಿದವನು ಅದನ್ನು ಭಕ್ತಿಯ ಪರಾಕಾಷ್ಠೆ ಎಂದು ಎಣಿಸಿರಬೇಕು. ಗುರುಗಳು ಆ ಕ್ರಿಯೆಯ ಅರ್ಥವನ್ನೇ ತಿರುವಿಹಾಕಿದರು: ಅದು ಭಕ್ತಿಯಲ್ಲ, ಶಿವದ್ರೋಹ. ಧರ್ಮಗುರುವಿಗೆ ಮಾತ್ರ ಸಾಧ್ಯವಾಗುವ ಭಾಷಾಕ್ರಿಯೆ ಇದು. ಅರಸ ದಂಡ ವಿಧಿಸಬಲ್ಲ, ನ್ಯಾಯಾಲಯ ಶಿಕ್ಷೆ ಕೊಡಬಲ್ಲದು. ಒಂದು ಕೃತ್ಯ ಧರ್ಮವೋ ಅಧರ್ಮವೋ ಎಂಬುದನ್ನು ಅದನ್ನು ಮಾಡಿದವನ ಅಂತಃಕರಣಕ್ಕೆ ಮುಟ್ಟುವಂತೆ ಹೇಳಬಲ್ಲವರು ಅವನ ಗುರುಗಳೇ. ಅವರು ಮೌನವಾಗಿದ್ದರೆ ಆ ಮೌನವನ್ನು ಅವನು ಅನುಮೋದನೆಯೆಂದು ಓದುತ್ತಾನೆ.

ಐದು ನುಡಿಗಳ ನಡುವೆ

ಕೊನೆಯದಾಗಿ, ಗಡಿನಾಡಿನ ದ್ವಿಭಾಷಿಕ ಓದುಗರಿಗೆ ಹತ್ತಿರದ ಮಾತೊಂದು. ಈ ಶಾಸನಗಳ ‘ಸಮಯ’, ‘ದರ್ಶನ’ಗಳ ಜಾಗಕ್ಕೆ ಇಂದು ‘ಮತ’, ‘ಧರ್ಮ’, ‘ಕೋಮು’ಗಳು ಬಂದಿವೆ. ಸಮಯ ಎಂಬುದಕ್ಕೆ ಸಂಸ್ಕೃತದಲ್ಲಿ ಒಪ್ಪಂದ, ಕಟ್ಟುಪಾಡು ಎಂಬ ಅರ್ಥವೂ ಇದೆ. ತಮಿಳಿನಲ್ಲಿ ‘ಸಮಯಂ’ ಇಂದಿಗೂ ಮತವಾಚಿ. ಕನ್ನಡ, ಮಲಯಾಳ, ತೆಲುಗುಗಳ ನಿತ್ಯ ಬಳಕೆಯಲ್ಲಿ ಅದು ಕೇವಲ ಹೊತ್ತು. ಕಾಸರಗೋಡಿನವರಿಗೆ ಮಲಯಾಳದ ‘ಮತಂ’ ಧರ್ಮವಾದರೆ, ಸೊಲ್ಲಾಪುರದವರಿಗೆ ಮರಾಠಿಯ ‘ಮತ’ ಅಭಿಪ್ರಾಯ ಅಥವಾ ಚುನಾವಣೆಯ ಓಟು. ಸೌಹಾರ್ದಕ್ಕೂ ಒಂದೊಂದು ನುಡಿಯಲ್ಲಿ ಒಂದೊಂದು ಚಿತ್ರವಿದೆ: ಮಲಯಾಳದ ಮತಸೌಹಾರ್ದ ಒಳ್ಳೆಯ ಹೃದಯವನ್ನು ಕೇಳುತ್ತದೆ, ತೆಲುಗಿನ ಮತಸಾಮರಸ್ಯ ಒಂದೇ ರಸವನ್ನು, ತಮಿಳಿನ ನಲ್ಲಿಣಕ್ಕಂ ಒಳ್ಳೆಯ ಹೊಂದಾಣಿಕೆಯನ್ನು, ಮರಾಠಿಯ ಜಾತೀಯ ಸಲೋಖಾ ಸ್ನೇಹದ ನಡವಳಿಕೆಯನ್ನು, ಕನ್ನಡದ ಕೋಮು ಸೌಹಾರ್ದ ಅರಬ್ಬಿ ಮೂಲದ ಪದಕ್ಕೆ ಸಂಸ್ಕೃತದ ಹೃದಯವನ್ನು ಕೂಡಿಸುತ್ತದೆ.

ಎಲ್ಲವೂ ಸುಂದರವಾದ ಪದಗಳೇ. ಆದರೆ ಹೃದಯವನ್ನೂ ರಸವನ್ನೂ ಪಂಚಾಯಿತಿಯಲ್ಲಿ ಇಟ್ಟು ಅಳೆಯಲಾಗದು. ಹಾನಿಯನ್ನು ಅಳೆಯಬಹುದು. ಅದು ಯಾರಿಂದಾಯಿತೆಂದು ಕೇಳಬಹುದು, ಎಷ್ಟೆಂದು ಲೆಕ್ಕ ಹಾಕಬಹುದು, ತುಂಬಿಕೊಡಬಹುದು. ಎರಡು ಮೂರು ನುಡಿಗಳಲ್ಲಿ ಬದುಕುವ ಗಡಿನಾಡಿನ ಧರ್ಮಗುರುಗಳಿಗೆ ಒಂದು ನುಡಿಯ ಸಭೆಯಲ್ಲಿ ಆಡಿದ ಮಾತು ಇನ್ನೊಂದು ನುಡಿಯ ಸಭೆಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದರ ಅನುಭವ ಇತರರಿಗಿಂತ ಹೆಚ್ಚು. ಅವರ ಮಾತನ್ನು ನಾವು ವಿಮರ್ಶಿಸುವಾಗ ಅದು ಎಷ್ಟು ಉದಾರವಾಗಿತ್ತು ಎಂಬುದರ ಜೊತೆಗೆ ಬೇರೆ ಕೆಲವು ಪ್ರಶ್ನೆಗಳನ್ನೂ ಕೇಳಬೇಕು. ಎದುರಿನವರನ್ನು ಅವರದೇ ಹೆಸರಿನಿಂದ ಕರೆಯಿತೇ? ನಮ್ಮವರಿಂದಾದ ಅನ್ಯಾಯವನ್ನು ಅನ್ಯಾಯವೆಂದಿತೇ? ತುಂಬಿಕೊಡುವ ಹೊಣೆಗೆ ಕರ್ತೃಪದ ಇತ್ತೇ? ತಮ್ಮವರು ಅಂಜುವ ಮಾತಿನಲ್ಲಿ ತಮ್ಮವರನ್ನು ತಡೆಯಿತೇ?

ಬೆಳಗೊಳದ ಕಲ್ಲು ಈ ನಾಲ್ಕಕ್ಕೂ ಹೌದೆನ್ನುತ್ತದೆ, ಆದರೆ ಖರ್ಚನ್ನು ನೊಂದವರ ಮೇಲೆ ಹೊರಿಸುತ್ತದೆ. ಹಳೇಬೀಡಿನ ಕಲ್ಲು ಕೊನೆಯದಕ್ಕೆ ಎಲ್ಲಕ್ಕಿಂತ ಗಟ್ಟಿಯಾಗಿ ಹೌದೆನ್ನುತ್ತದೆ, ಆದರೆ ನೊಂದವರಿಂದ ವಿಭೂತಿ ವೀಳ್ಯ ಕೇಳುತ್ತದೆ. ಎರಡೂ ಅಪೂರ್ಣ. ಅವುಗಳ ಅಪೂರ್ಣತೆಯನ್ನು ಹೀಗೆ ಬೆರಳಿಟ್ಟು ತೋರಿಸಲು ಸಾಧ್ಯವಾಗುವುದು ಅವು ಯಾರು, ಏನು, ಎಷ್ಟು ಎಂಬುದನ್ನು ಬರೆದಿಟ್ಟಿರುವುದರಿಂದ. ನಮ್ಮ ಕಾಲದ ಆಶೀರ್ವಚನಗಳು ಅಷ್ಟನ್ನಾದರೂ ಬರೆದಿಡುವಂತಾದರೆ, ಮುಂದಿನವರು ಅವುಗಳಲ್ಲಿ ತಪ್ಪು ಹುಡುಕಿ ತಿದ್ದಿಕೊಳ್ಳಬಹುದು.